ಗಳಿಗಿ ಮುರಿದವಳು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ರಸ್ತೆಯ ಒಂದು ಜವಳಿ ಅಂಗಡಿಯ ಎರಡನೇ ಮಹಡಿ. ಅಲ್ಲಿ ಕೆಲಸಕ್ಕಿದ್ದ ಕಸ್ತೂರಿ, ಮದುವೆ ಜವಳಿಗೆ ಬಂದಿದ್ದ ಹನ್ನೊಂದು ಜನರ ಎದುರು ಧಾರೆಯ ಸೀರೆಯನ್ನು ತೋರಿಸಿ, "ಇದನ್ನ ನಾ ಉಟ್ಟೀನಿ" ಎಂದಳು.

ಅದು ಸುಳ್ಳಲ್ಲ. ಅದೊಂದೇ ಸೀರೆಯೂ ಅಲ್ಲ. ಆ ಅಂಗಡಿಯ ಐನೂರ ತೊಂಬತ್ತೆಂಟು ಸೀರೆಗಳನ್ನು ಅವಳು ಉಟ್ಟಿದ್ದಳು. ಉಡಿಸಿದವರು ಅಂಗಡಿಯ ಮಾಲೀಕರೇ.

ಕಸ್ತೂರಿಗೆ ಮೂವತ್ತನಾಲ್ಕು ವರ್ಷ. ಊರು ಕಮಲಾಪುರ, ಮನೆ ದಲಿತರ ಓಣಿಯಲ್ಲಿ. ಗಂಡ ಬಿಟ್ಟು ಹೋಗಿ ಒಂಬತ್ತು ವರ್ಷವಾಗಿದೆ. ತಾಯಿ ಅನ್ನಮ್ಮ ಕೆಂಪು ಬಾಳೆಯ ತೋಟಗಳಲ್ಲಿ ಗೊನೆ ಹೊತ್ತು ಹೊತ್ತು ಸೊಂಟ ಕಳೆದುಕೊಂಡವಳು. ಮಗಳು ಪ್ರೀತಿ ಒಂಬತ್ತನೇ ತರಗತಿ. ಮೂವರ ಹೊಟ್ಟೆಗೂ ಕಸ್ತೂರಿಯ ಕೆಲಸವೇ ಆಧಾರ.

ಹನ್ನೆರಡು ವರ್ಷ ಅವಳು ಆ ಅಂಗಡಿಯಲ್ಲಿ ದುಡಿದಳು. ಬೆಳಿಗ್ಗೆ ಕಸ ಗುಡಿಸುವುದು, ಲಾರಿಯಿಂದ ಇಳಿದ ಗಂಟುಗಳನ್ನು ತಲೆಯ ಮೇಲೆ ಎರಡನೇ ಮಹಡಿಗೆ ಏರಿಸುವುದು, ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆಗಳನ್ನು ಮಡಚುವುದು, ಸಂಜೆ ಸಂಡಾಸು ತೊಳೆಯುವುದು. ಗಿರಾಕಿಗಳು ಕೂರುವ ಬಿಳಿ ಗಾದಿಯ ಹತ್ತಿರ ಮಾತ್ರ ಅವಳು ಹೋಗುವಂತಿರಲಿಲ್ಲ. ಮಾಲೀಕ ಜಗದೇವಪ್ಪ ಅದನ್ನು ಮೊದಲ ದಿನವೇ ಹೇಳಿದ್ದರು.

"ಮದುವಿ ಜವಳಿ ಅಂದ್ರ ಮಂದಿ ಕೇಳ್ತಾರವ್ವ, ಯಾರ ಪೈಕಿ, ಏನು ಅಂತ. ನಂದೇನೂ ಇಲ್ಲ. ನಾ ಹಂಥಾವೆಲ್ಲ ಮಾಡಾಂವಲ್ಲ. ಮಂದಿ ಕೇಳ್ತಾರ."

ಹನ್ನೆರಡು ವರ್ಷ ಮಂದಿಯೇ ಕೇಳಿದರು, ಜಗದೇವಪ್ಪ ಕೇಳಲಿಲ್ಲ. ಕಸ್ತೂರಿಯೂ ಗಾದಿಯ ಹತ್ತಿರ ಹೋಗಲಿಲ್ಲ.

ಮೂರು ವರ್ಷದ ಹಿಂದೆ ವ್ಯಾಪಾರದ ರೀತಿ ಬದಲಾಯಿತು. ಗಿರಾಕಿಗಳು ಬಂದು ಕೂತು, ಇಪ್ಪತ್ತು ಸೀರೆ ಬಿಚ್ಚಿಸಿ, ಬೇಕಾದ್ದರ ಫೋಟೊ ಹೊಡೆದುಕೊಂಡು, ಅಲ್ಲೇ ಕೂತು ಫೋನಿನಲ್ಲಿ ಅಂಥದ್ದೇ ಸೀರೆ ಹುಡುಕಿ, ಎದ್ದು ಹೋಗತೊಡಗಿದರು. ಆ ಇಪ್ಪತ್ತು ಸೀರೆಗಳನ್ನು ಕಸ್ತೂರಿ ಮಡಚುತ್ತಿದ್ದಳು. ಅದೇ ಸಾಲಿನ ಎರಡು ಜವಳಿ ಅಂಗಡಿಗಳು ಮುಚ್ಚಿ ಮೊಬೈಲ್ ಅಂಗಡಿಗಳಾದವು.

ಜಗದೇವಪ್ಪನ ಮಗ ಯಶವಂತ ಹೈದರಾಬಾದಿನಲ್ಲಿ ವ್ಯಾಪಾರಿಗಳಿಗೆಂದೇ ನಡೆಸಿದ ನಾಲ್ಕು ದಿನದ ತರಬೇತಿಗೆ ಹೋಗಿ ಬಂದ. ಬಂದವನೇ ಅಂಗಡಿಗೊಂದು ಆ್ಯಪ್ ಮಾಡಿಸಲು ನಿಂತ. ಗಿರಾಕಿ ಮನೆಯಲ್ಲೇ ಕೂತು ತನ್ನ ಫೋಟೊ ಹಾಕಬೇಕು. ಅಂಗಡಿಯ ಯಾವ ಸೀರೆ ಒತ್ತಿದರೂ ಅದು ತನ್ನ ಮೈಮೇಲೆ ಉಟ್ಟಂತೆ ಕಾಣಬೇಕು. ಅದಕ್ಕೆ ಮೊದಲು ಪ್ರತಿ ಸೀರೆಯನ್ನೂ ಒಬ್ಬಳೇ ಉಟ್ಟು, ಒಂದೇ ಜಾಗದಲ್ಲಿ ಒಂದೇ ರೀತಿ ನಿಂತು ಫೋಟೊ ತೆಗೆಸಿಕೊಳ್ಳಬೇಕಿತ್ತು. ಹೈದರಾಬಾದಿನ ಮಾಡೆಲ್ ಒಬ್ಬಳು ಒಂದು ದಿನಕ್ಕೆ ಕೇಳಿದ್ದು ಕಸ್ತೂರಿಯ ಎರಡು ತಿಂಗಳ ಪಗಾರ.

ಯಶವಂತ ಕೆಲಸದವರನ್ನು ಸಾಲಾಗಿ ನಿಲ್ಲಿಸಿದ. ಕೌಂಟರಿನ ಫರ್ಹೀನ್ ಕೈಗೆ ಅಳತೆಯ ಟೇಪು ಕೊಟ್ಟ.

"ಏ ಕಸ್ತೂರಿ, ನಿಂದ್ರು. ತಿರುಗು. ಇಕಿ ನೋಡಪಾ ಅಪ್ಪಾ, ಹ್ಯಾಂಗರ್ ಇದ್ದಂಗ ಅದಾಳ. ಸೀರಿ ನೆಟ್ಟಗ ಬೀಳ್ತದ."

"ಇಕಿ?" ಎಂದರು ಜಗದೇವಪ್ಪ. "ಮದುವಿ ಸೀರಿನೂ ಇಕೀಗೇ?"

"ಮುಖ ಬರಂಗಿಲ್ಲ. ಬಣ್ಣ ಬರಂಗಿಲ್ಲ. ಅದೆಲ್ಲ ಕಂಪ್ಯೂಟರ್ ತಿದ್ದತದ."

"ಮತ್ತ ಗಳಿಗಿ?"

"ಇಕೀನೇ ಮತ್ತ ಮಡಚ್ತಾಳ. ಇಕಿ ಮಡಚಿದ್ರ ನೇದಾಂವಗೂ ತಿಳಿಯಂಗಿಲ್ಲ."

ಹೊಸ ಸೀರೆಯ ಮಡಿಕೆ ಬಿಡಿಸಿ ಮೊದಲ ಸಲ ಮೈಗೆ ಸುತ್ತುವುದಕ್ಕೆ ಈ ಕಡೆ ಗಳಿಗಿ ಮುರಿಯುವುದು ಎನ್ನುತ್ತಾರೆ. ಗಾದಿಯ ಮೇಲೆ ಬಿಚ್ಚಿ ತೋರಿಸಿದರೆ ಗಳಿಗಿ ಮುರಿದಂತಲ್ಲ, ಉಟ್ಟರೆ ಮುರಿದಂತೆ. ಮನೆಯ ಹೆಣ್ಣುಮಕ್ಕಳು ಒಬ್ಬರ ಹೊಸ ಸೀರೆಯ ಗಳಿಗಿಯನ್ನು ಇನ್ನೊಬ್ಬರ ಕೈಲಿ ಪ್ರೀತಿಯಿಂದ ಮುರಿಸುವುದೂ ಉಂಟು. ಆದರೆ ಧಾರೆಯ ಸೀರೆಯ ಗಳಿಗಿಯನ್ನು ಮದುಮಗಳೇ ಮುರಿಯಬೇಕು. ಅದನ್ನು ಹೊರಗಿನವಳೊಬ್ಬಳು ಮೊದಲೇ ಉಟ್ಟಿದ್ದಾಳೆಂದು ತಿಳಿದರೆ ಆ ಸೀರೆಯನ್ನು ಯಾರೂ ಮನೆಯೊಳಗೆ ತರುವುದಿಲ್ಲ. ಹೊರಗಿನವಳು ಇಂಥ ಓಣಿಯವಳೆಂದು ತಿಳಿದರಂತೂ ಆ ಅಂಗಡಿಯ ಮೆಟ್ಟಿಲನ್ನೇ ಹತ್ತುವುದಿಲ್ಲ.

ಇದು ಅಪ್ಪನಿಗೂ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ಕಸ್ತೂರಿ ಎದುರಿಗೇ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಹೋದ ವರ್ಷದ ಮೇ ತಿಂಗಳಲ್ಲಿ ಕೆಲಸ ಶುರುವಾಯಿತು. ಒಟ್ಟು ನಲವತ್ತಾರು ದಿನ. ಅವಳು ಕಮಲಾಪುರದಿಂದ ಮೊದಲ ಬಸ್ಸಿಗೆ ಬರಬೇಕು. ಆರೂವರೆಗೆ ಮೇಲಿನ ಗೋದಾಮಿನಲ್ಲಿ ನಿಲ್ಲಬೇಕು. ಹತ್ತಕ್ಕೆ ಅಂಗಡಿ ತೆರೆಯುವುದರೊಳಗೆ ಹದಿಮೂರು ಸೀರೆ ಮುಗಿಯಬೇಕು. ಒಂದು ಸೀರೆಗೆ ಹದಿನಾರು ನಿಮಿಷ. ಫರ್ಹೀನ್ ನೆರಿಗೆ ಹಿಡಿದು, ಸೆರಗನ್ನು ಎಡ ಹೆಗಲ ಮೇಲೆ ಪಿನ್ನು ಹಾಕಿ ನಿಲ್ಲಿಸುತ್ತಿದ್ದಳು. ಎದುರು, ಬಲ, ಎಡ, ಬೆನ್ನು, ಸೆರಗು ಹರಡಿ ಒಂದು. ಯಶವಂತನೇ ಕ್ಯಾಮೆರಾ ಹಿಡಿಯುತ್ತಿದ್ದ.

"ಕೈ ಎತ್ತು. ಅಷ್ಟಲ್ಲ. ಉಸಿರು ಹಿಡಿ. ಹೊಟ್ಟಿ ಒಳಗ."

ಗಾಳಿಗೆ ನೆರಿಗೆ ಅಲುಗುತ್ತದೆಂದು ಫ್ಯಾನು ಬಂದ್. ಮೇ ತಿಂಗಳ ಕಲಬುರಗಿ. ಮುಖದ ಎದುರು ಎರಡು ದೊಡ್ಡ ದೀಪ. ಬೆವರು ಬೆನ್ನಿನಿಂದ ಇಳಿದು ಲಂಗದ ದಾರದ ಹತ್ತಿರ ನಿಲ್ಲುತ್ತಿತ್ತು. ಸೀರೆಗೆ ಬೆವರು ಹತ್ತಬಾರದೆಂದು ಅವಳ ಕಂಕುಳಲ್ಲಿ ಬಟ್ಟೆ ಇಡಿಸಿದ್ದರು. ಸಂಡಾಸು ಕೆಳಗಿನ ಮಹಡಿಯಲ್ಲಿತ್ತು. ಉಟ್ಟ ಸೀರೆಯಲ್ಲಿ ಅಲ್ಲಿಗೆ ಹೋಗುವಂತಿಲ್ಲ. ಬಿಚ್ಚಿ ಹೋಗಿ ಬಂದು ಮತ್ತೆ ಉಡಲು ಹೊತ್ತಿಲ್ಲ. ಅದಕ್ಕೆ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಹತ್ತೊಂಬತ್ತನೇ ದಿನ ಉರಿಮೂತ್ರ ಬಂತು. ಜ್ವರವೂ ಬಂತು. ನೀರು ಕುಡಿಯಬೇಕೆಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅವಳು ಯಶವಂತನಿಗೆ ತೋರಿಸಿದಳು.

"ಕುಡಿ. ಯಾರ್ ಬ್ಯಾಡಂದಾರ? ಹದಿಮೂರು ಮುಗಿಸಿ ಕುಡಿ."

ತಿಂಗಳ ಆ ನಾಲ್ಕು ದಿನ ಮಾತ್ರ ಜಗದೇವಪ್ಪ ಫರ್ಹೀನ್ ಮೂಲಕ ಕೇಳಿಸುತ್ತಿದ್ದರು. ಹೌದೆಂದರೆ ಆ ದಿನಗಳಲ್ಲಿ ರೇಷ್ಮೆ ಉಡಿಸುತ್ತಿರಲಿಲ್ಲ, ಸಿಂಥೆಟಿಕ್ ಉಡಿಸುತ್ತಿದ್ದರು. ಕಂಪ್ಯೂಟರು ಜಾತಿಯನ್ನು ಅಳಿಸುತ್ತದೆ, ಮುಟ್ಟನ್ನು ಅಳಿಸುವುದಿಲ್ಲ ಎಂದು ಅವರು ನಂಬಿದ್ದಂತಿತ್ತು.

ಹತ್ತರ ನಂತರ ಅವಳು ಆ ಹದಿಮೂರು ಸೀರೆಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಒಳಮಗ್ಗುಲಿಗೆ ಸೆಂಟು ಹೊಡೆಯುತ್ತಿದ್ದಳು. ತನ್ನ ಮೈವಾಸನೆಯನ್ನು ತಾನೇ ಅಳಿಸಬೇಕಿತ್ತು. ಆಮೇಲೆ ಹಳೆಯ ಗೆರೆ ಹುಡುಕಿ, ಅದೇ ಗೆರೆಯ ಮೇಲೆ ಮಡಿಕೆ ಕೂಡಿಸುತ್ತಿದ್ದಳು. ಗಳಿಗಿ ಮುರಿದವಳೂ ಅವಳೇ. ಮುರಿದಿಲ್ಲವೆಂಬಂತೆ ಮಾಡಿದವಳೂ ಅವಳೇ.

ಶ್ರಾವಣಕ್ಕೆ ಆ್ಯಪ್ ಬಂತು. ಅಂಗಡಿಯ ಮುಂದೆ ಇಪ್ಪತ್ತು ಅಡಿಯ ಬೋರ್ಡು ಏರಿತು. ಬೋರ್ಡಿನ ಹೆಣ್ಣು ಬಿಳಿಯಳು. ಚೂಪು ಮೂಗು. ಯಾವ ತಾಯಿಯೂ ಹೆರದ ಮುಖ. ಕುತ್ತಿಗೆಯಿಂದ ಕೆಳಗೆ ಕಸ್ತೂರಿ.

"ಅಕ್ಕಾ, ಯಾ ಕ್ರೀಮ್ ಹಚ್ಚಿದಿ? ನನಗೂ ಜರಾ ಹೇಳು" ಎಂದಳು ಫರ್ಹೀನ್.

ಇಬ್ಬರೂ ನಕ್ಕರು. ಆ ರಾತ್ರಿ ಮಗಳು ಫೋನಿನಲ್ಲಿ ಆ್ಯಪ್ ತೆರೆದು ಹತ್ತಿಪ್ಪತ್ತು ಸೀರೆ ಸರಿಸಿ ನೋಡಿದಳು. "ಅವ್ವಾ, ನಿಂತಿದ್ದು ನೀನೇ. ಮತ್ತ ನಿನ್ನ ಮುಖಕ್ಕ ಏನಾಗಿತ್ತು?" ಎಂದು ಕೇಳಿದಳು. ಕಸ್ತೂರಿ ಆಗ ನಗಲಿಲ್ಲ.

ವ್ಯಾಪಾರ ಏರಿತು. ದಸರೆಗೆ, ದೀಪಾವಳಿಗೆ ಏರಿತು. ಗಿರಾಕಿಗಳು ಮನೆಯಲ್ಲೇ ಆರಿಸಿಕೊಂಡು, ಬರೀ ಒಯ್ಯಲು ಬರುತ್ತಿದ್ದರು. ಸೀರೆ ಬಿಚ್ಚಿಸುವುದು ಕಡಿಮೆಯಾಯಿತು. ಮಡಚುವುದೂ ಕಡಿಮೆಯಾಯಿತು.

ಫೆಬ್ರುವರಿಯ ಆ ಸೋಮವಾರ ಸಂಜೆ ಆರಕ್ಕೆ ಯಶವಂತ ಅವಳನ್ನು ಕರೆದು ಇಂಗ್ಲಿಷಿನ ಒಂದು ಕಾಗದ ಮುಂದಿಟ್ಟ.

"ಹೊಸ ಪ್ರೋಗ್ರಾಂ ಬಂದದ. ಸೀರಿ ನೆಲಕ್ಕ ಹಾಸಿ ಒಂದ್ ಫೋಟೊ ಹೊಡದ್ರ ಸಾಕು, ಅದೇ ಉಡಸ್ತದ. ನಿನ್ನ ಮೈ ಅಳತಿ ಅದರಾಗ ಅದ. ಈ ತಿಂಗಳ ಆಖರಿ ಅಂತ ತಿಳಕೊ. ಇಲ್ಲಿ ಸಹಿ ಮಾಡು."

ಕಸ್ತೂರಿ ಕಾಗದವನ್ನು ಫರ್ಹೀನ್ ಕೈಗೆ ಕೊಟ್ಟಳು. ಪಿಯುಸಿ ಓದಿದ್ದ ಫರ್ಹೀನ್ ಬೆರಳಿಟ್ಟು ಓದಿದಳು.

"ನಿನ್ನ ಫೋಟೊ, ನಿನ್ನ ಅಳತಿ ಕಾಯಂ ಅಂಗಡೀದಂತ ಅಕ್ಕಾ. ಮುಂದ ನೀ ಏನೂ ಕೇಳಂಗಿಲ್ಲಂತ."

ಕಸ್ತೂರಿ ಯಶವಂತನ ಕಡೆ ತಿರುಗಿದಳು.

"ನಾ ಹೊರಗ ಹೋಗಬೇಕು. ನನ್ನ ಮೈ ಒಳಗ ದುಡೀಬೇಕು. ಹಂಗೇನ್ರಿ?"

"ಡೈಲಾಗ್ ಬ್ಯಾಡ. ಸಹಿ ಮಾಡು."

"ಕೆಲಸ ಇಡ್ರಿ. ಇಲ್ಲಂದ್ರ ಫೋಟೊ ತಮಾಮ್ ಅಳಸ್ರಿ. ಎರಡರಾಗ ಒಂದು."

"ಯಾರ ಮುಂದ ಮಾತಾಡ್ಲಿಕತ್ತಿ ಖಬರದ ಏನು? ನಾಳಿ ಮುಂಜಾನಿ ಸಹಿ ಆಗಿರಬೇಕು."

ಅವಳು ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡು ಬಸ್‌ ಸ್ಟ್ಯಾಂಡಿಗೆ ಹೋದಳು.

ಮಂಗಳವಾರ ಹನ್ನೊಂದಕ್ಕೆ ಖೂಬಾ ಪ್ಲಾಟ್ ಬಡಾವಣೆಯಿಂದ ಮದುವೆ ಜವಳಿಯ ಜನ ಬಂದರು. ಮದುಮಗಳು ಐಶ್ವರ್ಯಾ. ಅವಳ ಅಜ್ಜಿ ಚಂದಮ್ಮನಿಗೆ ಎಪ್ಪತ್ತೆರಡು ವರ್ಷ, ಮನೆಯ ಮಾತೆಲ್ಲ ಅವಳದೇ. ಆ್ಯಪಿನಲ್ಲೇ ಒಂಬತ್ತು ಸೀರೆ ಆರಿಸಿಟ್ಟಿದ್ದರು. ಧಾರೆಯ ಸೀರೆಗೆ ನಲವತ್ತೆಂಟು ಸಾವಿರ.

ಗಂಟು ತರುವ ಹುಡುಗಿಯರಿಬ್ಬರೂ ಆ ದಿನ ರಜೆ. ಗೋದಾಮಿನಿಂದ ತಂದು ಮೆಟ್ಟಿಲ ಹತ್ತಿರ ಇಡು ಎಂದು ಯಶವಂತ ಕಸ್ತೂರಿಗೆ ಕೂಗಿ ಹೇಳಿದ. ಅವಳು ಒಂಬತ್ತನ್ನೂ ತಂದಳು. ಮೆಟ್ಟಿಲ ಹತ್ತಿರ ಗಿರಾಕಿಗಳ ಚಪ್ಪಲಿಗಳಿದ್ದವು. ಚಪ್ಪಲಿಗಳ ನಡುವೆ ರೇಷ್ಮೆ ಇಡಲು ಅವಳಿಗೆ ಮನಸ್ಸಾಗಲಿಲ್ಲ. ನೇರ ನಡೆದು ಬಂದು ಬಿಳಿ ಗಾದಿಯ ಮೇಲಿಟ್ಟಳು.

ಚಂದಮ್ಮ ತಲೆಯೆತ್ತಿ ನೋಡಿದಳು.

"ಯಾ ಊರವ್ವ ನಿಂದು?"

"ಕಮಲಾಪುರ ರೀ ಅಮ್ಮಾ."

"ಕಮಲಾಪುರದಾಗ ನಮ್ಮ ಬೀಗರದಾರ. ಯಾ ಕಡಿ ಮನಿ? ಯಾರ ಪೈಕಿ?"

ಕಸ್ತೂರಿ ಓಣಿಯ ಹೆಸರು ಹೇಳಿದಳು. ಮುಂದಿನ ಪ್ರಶ್ನೆ ಬೇಕಾಗಲಿಲ್ಲ. ಚಂದಮ್ಮ ಗಾದಿಯ ಮೇಲಿದ್ದ ತನ್ನ ಸೆರಗನ್ನು ಎಳೆದುಕೊಂಡಳು.

"ಜಗದೇವಪ್ಪಾ, ಏನಿದು? ಧಾರಿ ಸೀರಿ ಅದ. ಇಂಥಾಕಿ ಕೈಲಿ ತರಸ್ತೀರಿ? ಇದು ಬ್ಯಾಡ. ಇದರದೇ ಇನ್ನೊಂದು ತೋರಸ್ರಿ, ಮುಟ್ಟಲಾರದ್ದು."

"ಇನ್ನೊಂದು ಇಲ್ರೀ ಅವ್ವಾರ, ಒಂದೇ ಪೀಸು" ಎಂದರು ಜಗದೇವಪ್ಪ. ಕಸ್ತೂರಿಯ ಕಡೆ ತಿರುಗಿದರು. "ಬುದ್ಧಿ ಇಲ್ಲ ನಿನಗ? ಹನ್ನೆರಡ್ ವರ್ಷ ಹೇಳೀನಿ. ನಡಿ ಕೆಳಗ. ಸಂಡಾಸ ತೊಳಿ ಹೋಗು." ಮತ್ತೆ ಚಂದಮ್ಮನ ಕಡೆ ತಿರುಗಿ ಕೈ ಮುಗಿದರು. "ಪ್ಲಾಸ್ಟಿಕ್ ಮ್ಯಾಲಿಂದ ಮುಟ್ಟ್ಯಾಳ, ಅಷ್ಟ. ದೇವರಾಣಿ ಮಾಡಿ ಹೇಳ್ತೀನಿ, ಈ ಸೀರಿ ಮಗ್ಗ ಇಳದ ಮ್ಯಾಲ ಒಬ್ಬರ ಮೈಗೂ ಹತ್ತಿಲ್ಲ. ಗಳಿಗಿ ಹಂಗೇ ಅದ ನೋಡ್ರಿ."

ಕಸ್ತೂರಿ ನಡೆಯಲಿಲ್ಲ.

"ಇದನ್ನ ನಾ ಉಟ್ಟೀನಿ" ಎಂದಳು.

ಹನ್ನೊಂದು ಜನವೂ ಅವಳ ಕಡೆ ತಿರುಗಿದರು. ಕಸ್ತೂರಿ ಮುಂದುವರಿಸಿದಳು.

"ಹೋದ ಮೇದಾಗ. ಗಳಿಗಿ ನಾ ಮುರದೀನಿ, ನಾನೇ ಮಡಚೀನಿ. ಬಿಚ್ಚಿ ನೋಡ್ರಿ. ಎಡ ಹೆಗಲ ಮ್ಯಾಲ ಬರೋ ಜಾಗಾ. ಪಿನ್ನಿನ ಎರಡು ತೂತು ಅದಾವ."

"ಹುಚ್ಚಿ ಅದಾಳ ಅವ್ವಾರ. ಕೆಲಸದಿಂದ ತಗದೀವಿ, ಆ ಸಿಟ್ಟು" ಎನ್ನುತ್ತ ಯಶವಂತ ಎದ್ದು ಬಂದ.

ಅಷ್ಟರಲ್ಲಿ ಚಂದಮ್ಮ ಪ್ಲಾಸ್ಟಿಕ್ ಹರಿದು ಸೀರೆ ಬಿಚ್ಚಿದ್ದಳು. ಅರವತ್ತು ವರ್ಷ ಸೀರೆ ಉಟ್ಟ ಬೆರಳು ಅವಳದು, ಕಣ್ಣು ಬೇಕಾಗಲಿಲ್ಲ. ಸೆರಗಿನ ತುದಿಯಿಂದ ಒಳಗೆ ಸವರುತ್ತ ಬಂದ ಬೆರಳು ಒಂದು ಕಡೆ ನಿಂತಿತು. ಬೆಳಕಿಗೆ ಹಿಡಿದಳು. ಎರಡು ತೂತು.

"ಉಳದ ಎಂಟು?"

"ಎಂಟಕ್ಕೆ ಎಂಟೂ ರೀ."

"ಕಳ್ಳಿ!" ಎಂದು ಯಶವಂತ ಕೂಗಿದ. "ಗೋದಾಮಿನಾಗ ಕದ್ದು ಉಟ್ಟಾಳ. ಪೊಲೀಸರಿಗೆ ಕೊಡ್ತೀನಿ ನಿನ್ನ."

"ಕೊಡ್ರಿ. ಕದ್ದು ಉಟ್ಟರ ಫೋಟೊ ಹೊಡದವರು ಯಾರು?"

ಫರ್ಹೀನ್ ಕೌಂಟರಿನ ಹಿಂದೆ ಬಾಯಿಗೆ ದುಪಟ್ಟಾ ಹಿಡಿದಿದ್ದಳು. ಐಶ್ವರ್ಯಾ ಫೋನು ತೆರೆದು ಸೀರೆಯ ಚಿತ್ರ ನೋಡಿದಳು. ಕಸ್ತೂರಿಯನ್ನು ನೋಡಿದಳು. ಮತ್ತೆ ಚಿತ್ರ ನೋಡಿದಳು.

"ಅಜ್ಜಿ, ಇಕೀನೇ. ಭುಜ ನೋಡು. ಕೈ ನೋಡು."

"ಹಂಗಾರ ನಮ್ಮ ಹಿರಿ ಮೊಮ್ಮಗನ ಹೇಣ್ತಿ ಸೀರಿ?" ಚಂದಮ್ಮನ ದನಿ ಇಳಿದಿತ್ತು. "ಕಾರ್ತೀಕದಾಗ ಇಲ್ಲೇ ಒಯ್ದೀವಿ. ಹಸರು, ಮಾವಿನ ಅಂಚು."

"ಉಟ್ಟೀನ್ರಿ."

"ಅದರಾಗೇ ಅಕ್ಷತಿ ಬಿತ್ತಲ್ಲೋ ಮಾರಾಯಾ!" ಎಂದು ಚಂದಮ್ಮ ಜಗದೇವಪ್ಪನ ಕಡೆ ತಿರುಗಿದಳು.

"ಚೊಲೋ ಅದಾರಿಲ್ರಿ ಅವರು?" ಎಂದು ಕಸ್ತೂರಿ ಕೇಳಿದಳು. "ಮೈ ಏನರೆ ಸುಟ್ಟದೇನ್ರಿ? ನಾ ಉಟ್ಟ ಸೀರಿ ಉಟ್ಟೇ ನಿಮ್ಮ ಮನಿ ತುಂಬ್ಯಾರ. ನಾಲ್ಕ ತಿಂಗಳ ಏನೂ ಆಗಿಲ್ಲ. ನಾ ಯಾರ ಪೈಕಿ ಅಂತ ಕೇಳಿದ್ದು ಈಗ. ಮೈಲಿಗಿ ಆಗಿದ್ದೂ ಈಗ."

ಚಂದಮ್ಮ ಸೀರೆಯನ್ನು ಗಾದಿಯಿಂದ ಕೆಳಗೆ ಎಸೆದಳು. "ಏಳ್ರಿ ಎಲ್ಲಾರು" ಎಂದಳು. ಹನ್ನೊಂದು ಜನ ಚಪ್ಪಲಿ ಮೆಟ್ಟಿ ಇಳಿದುಹೋದರು. ಐಶ್ವರ್ಯಾ ಮೆಟ್ಟಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಏನೋ ಹೇಳುವಳೆಂದು ಕಸ್ತೂರಿಗೆ ಅನಿಸಿತು. ಅವಳು ಅಜ್ಜಿಯ ಕೈ ಹಿಡಿದು ಇಳಿದಳು.

ನಲವತ್ತೆಂಟು ಸಾವಿರದ ಸೀರೆ ನೆಲದ ಮೇಲೆ ಅರ್ಧ ಬಿಚ್ಚಿಕೊಂಡು ಬಿದ್ದಿತ್ತು. ಜಗದೇವಪ್ಪ ಅದರತ್ತ ಬೆರಳು ತೋರಿಸಿದರು.

"ಎತ್ತು ಅದನ್ನ."

ಕಸ್ತೂರಿ ಎತ್ತಲಿಲ್ಲ.

"ಎತ್ತು ಅಂದೆ. ಮಡಚು."

"ಮಡಚಂಗಿಲ್ರಿ."

"ನಿನ್ನ ಅನ್ನದ ಮನಿ ಇದು! ಅದಕ್ಕೇ ಬೆಂಕಿ ಹಚ್ಚತೀ?"

"ನಿನ್ನಿ ಸಂಜೀಕ ಹೊರಗ ಹಾಕೀರಿ. ಈಗ ಅನ್ನದ ಮನಿ ಆತೇನ್ರಿ? ಕಂಪ್ಯೂಟರ್ ಉಡಸ್ತದಂತಲ್ಲ. ಅದರ ಕೈಲೇ ಮಡಚಿಸ್ರಿ."

ಯಶವಂತ ಅವಳ ರಟ್ಟೆ ಹಿಡಿದು ಮೆಟ್ಟಿಲ ಕಡೆ ಎಳೆದ. ಅವಳು ಕೈ ಕಿತ್ತುಕೊಂಡಳು. "ಮೈ ಮುಟ್ಟಬ್ಯಾಡ" ಎಂದಳು. ಹನ್ನೆರಡು ವರ್ಷದಲ್ಲಿ ಅವನಿಗೆ 'ರೀ' ಹಚ್ಚದೆ ಆಡಿದ ಮೊದಲ ಮಾತು ಅದು. ಚೀಲದಿಂದ ಕಾಗದ ತೆಗೆದು, ಸಹಿ ಇಲ್ಲದ್ದನ್ನು ಅವನಿಗೆ ತೋರಿಸಿ, ಮತ್ತೆ ಚೀಲದಲ್ಲೇ ಇಟ್ಟುಕೊಂಡು ಇಳಿದಳು. ಆಗ ಹನ್ನೊಂದೂ ಐವತ್ತು.

ಚಂದಮ್ಮನ ಮನೆಯವರು ಅದೇ ಮಧ್ಯಾಹ್ನ ಇನ್ನೊಂದು ಅಂಗಡಿಯಲ್ಲಿ ಜವಳಿ ಮುಗಿಸಿದರು. ಆ ಅಂಗಡಿಗೂ ಆ್ಯಪ್ ಇದೆ. ಅದರ ಸೀರೆಗಳನ್ನು ಯಾರು ಉಟ್ಟಿದ್ದರೆಂದು ಅವರು ಕೇಳಲಿಲ್ಲ.

ಸುದ್ದಿ ಖೂಬಾ ಪ್ಲಾಟಿನಲ್ಲಿ ಸಂಜೆಯೊಳಗೆ ಹರಡಿತು. ಗುರುವಾರದ ಹೊತ್ತಿಗೆ ಮೂವತ್ತೊಂದು ಸೀರೆಗಳು ಅಂಗಡಿಗೆ ವಾಪಸು ಬಂದವು. ಶುಕ್ರವಾರ ಆ್ಯಪಿನಲ್ಲಿ ಪ್ರತಿ ಸೀರೆಯ ಕೆಳಗೂ ಹೊಸದೊಂದು ಸಾಲು ಕಾಣಿಸಿತು: "ಈ ಚಿತ್ರ ಕಂಪ್ಯೂಟರ್ ರಚಿಸಿದ್ದು. ಈ ಸೀರೆಯನ್ನು ಯಾರೂ ಉಟ್ಟಿಲ್ಲ."

ಕಸ್ತೂರಿ ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟಳು. ಕೆಲಸ ಕೊಡಿಸಿ, ಇಲ್ಲವೇ ಚಿತ್ರಗಳನ್ನು ಅಳಿಸಿ ಎಂದು ಬರೆಸಿದ್ದಳು. ಅಂಗಡಿಯವರು ಲಿಖಿತ ಉತ್ತರ ಕೊಟ್ಟರು. ಸದರಿ ಮಹಿಳೆ ಕಸ ಗುಡಿಸುವ ಕೆಲಸಕ್ಕಿದ್ದರು, ಅವರ ಯಾವ ಚಿತ್ರವೂ ತಮ್ಮಲ್ಲಿಲ್ಲ ಎಂದು ಅದರಲ್ಲಿತ್ತು. ಸಾಕ್ಷಿ ಇದ್ದರೆ ಕರೆತರಬೇಕೆಂದು ಅಧಿಕಾರಿ ಕಸ್ತೂರಿಗೆ ತಾರೀಖು ಕೊಟ್ಟರು.

ಕಸ್ತೂರಿ ಫರ್ಹೀನಳ ಮನೆಗೆ, ಗಾಜಿಪುರಕ್ಕೆ ಹೋದಳು. ಫರ್ಹೀನ್ ಚಹಾ ಮಾಡಿ ತಂದಳು.

"ಅಕ್ಕಾ, ನನಗೂ ಮನಿ ಅದ. ಅಬ್ಬಾಗ ದವಾಖಾನಿ ಅದ."

"ಗೊತ್ತವ್ವ. ನೀ ಬರಲಿಲ್ಲಂದ್ರ ನಾ ಸಿಟ್ಟಾಗಂಗಿಲ್ಲ."

"ನೀ ಸಿಟ್ಟಾದ್ರೂ ನಡೀತಿತ್ತು" ಎಂದಳು ಫರ್ಹೀನ್. "ಐನೂರಾ ತೊಂಬತ್ತೆಂಟು ಸಲ ನಾನೇ ಪಿನ್ನು ಹಾಕೀನಿ. ಯಾರೂ ಉಟ್ಟಿಲ್ಲ ಅಂದ್ರ ನಾ ಹಾಕಿದ್ದು ಯಾರಿಗೆ?"

ಮಾರ್ಚ್ ಹನ್ನೊಂದರ ಮಂಗಳವಾರ ಫರ್ಹೀನ್ ಅಧಿಕಾರಿಯ ಎದುರು ಹೇಳಿಕೆ ಕೊಟ್ಟು ಸಹಿ ಮಾಡಿದಳು. ದಿನ ಎಷ್ಟು, ದಿನಕ್ಕೆ ಸೀರೆ ಎಷ್ಟು, ಕ್ಯಾಮೆರಾ ಹಿಡಿದವರು ಯಾರು, ಎಲ್ಲ ಬರೆಸಿದಳು. ಅಧಿಕಾರಿ ಮುಂದಿನ ತಾರೀಖು ಕೊಟ್ಟರು.

ಬುಧವಾರ ಬೆಳಿಗ್ಗೆ ಒಂಬತ್ತೂ ಐವತ್ತಕ್ಕೆ ಫರ್ಹೀನ್ ಅಂಗಡಿಗೆ ಹೋಗಿ, ಬಾಗಿಲ ಬಳಿಯ ಹಾಜರಿ ಯಂತ್ರಕ್ಕೆ ಮುಖ ತೋರಿಸಿದಳು. ಸೋಮವಾರದವರೆಗೂ ದಿನಾ ಗುರುತಿಸಿದ್ದ ಯಂತ್ರ ಈಗ ಅವಳನ್ನು ಗುರುತಿಸಲಿಲ್ಲ.